ದಟ್ಟಡಿಯ ವಯಸ್ಸು ಮತ್ತು ಶಿಶುಪಾಲನೆಯ ನಿಯಮಗಳು: ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯನ್ನು ಕುರಿತು ಒಂದು ವಿಚಾರ

ಶಿಶುಪಾಲನೆಗೆ ಸಂಬಂಧಪಟ್ಟಂತೆ ನಮ್ಮ ದೇಶದಲ್ಲಿ ಕಳೆದ ತೊಂಬತ್ತು ವರ್ಷಗಳಲ್ಲಿ ರಚಿತವಾದ ಶಾಸನಗಳನ್ನೂ ಯೋಜನೆಗಳನ್ನೂ ಒಂದಾದ ಮೇಲೊಂದರಂತೆ ಪರಿಶೀಲಿಸುತ್ತ ಹೋದರೆ, ಆರು ತಿಂಗಳು, ಮೂರು ವರ್ಷ, ಆರು ವರ್ಷ ಎಂಬ ಮೂರೇ ಮೇರೆಗಳು ಅವುಗಳಲ್ಲಿ ಪುನಃ ಪುನಃ ಕಾಣಿಸಿಕೊಳ್ಳುವುದು ವಿದಿತವಾಗುವುದು. ವರುಷ ತುಂಬುವ ಹೊತ್ತಿಗೆ ಗೋಡೆ ಹಿಡಿದು ಎದ್ದು ನಿಂತು, ದಟ್ಟಡಿಯಿಡುತ್ತ, ಒಲೆಯ ಬಳಿಗೂ ಬಾವಿಕಟ್ಟೆಯ ಬಳಿಗೂ ಒಂದೇ ಉತ್ಸಾಹದಿಂದ ಸಾಗುವ, ತೊದಲುಮಾತುಗಳನ್ನು ಕೂಡಿಸಿ ವಾಕ್ಯ ಕಟ್ಟಲು ಹವಣಿಸುವ, ಮೂರು ತುಂಬುವವರೆಗೆ ಕ್ಷಣಕಾಲವೂ ಕಣ್ತಪ್ಪಿಸಲಾಗದ ಮಗುವಿಗೆ ಮಾತ್ರ ಈ ಮೇರೆಗಳ ನಡುವೆ ತನ್ನದೆಂಬ ಒಂದು ವಿಭಾಗವಿಲ್ಲ. ಈ ಲೋಪವು ಎಲ್ಲಿಂದ ಬಂದಿತು, ಉತ್ತರ ಕನ್ನಡದ ಘಟ್ಟದ ಮೇಲಿನ ನಾಲ್ಕು ಕಾಡುಸೀಮೆಯ ತಾಲೂಕುಗಳಲ್ಲಿ ಅದು ಯಾವ ರೂಪವನ್ನು ತಾಳಿದೆ, ಅದನ್ನು ಹೇಗೆ ತಿದ್ದಬಹುದು ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಆರು ವರ್ಷವೆಂಬ ಮೇರೆಯು ಹುಟ್ಟಿದುದು ಶಾಲೆಯಲ್ಲಿ ಅಲ್ಲ, ಕಾರ್ಖಾನೆಯಲ್ಲಿ. ಐವತ್ತಕ್ಕಿಂತ ಹೆಚ್ಚು ಸ್ತ್ರೀಯರು ದುಡಿಯುವ ಕಾರ್ಖಾನೆಗಳಲ್ಲಿ ಅವರ ಆರು ವರ್ಷದೊಳಗಿನ ಮಕ್ಕಳಿಗಾಗಿ ಒಂದು ಕೋಣೆಯನ್ನು ಮೀಸಲಿಡಿಸುವ ನಿಯಮ ಮಾಡಲು 1934ರ ಕಾರ್ಖಾನೆ ಶಾಸನವು ಪ್ರಾಂತ್ಯಗಳಿಗೆ ಅಧಿಕಾರವನ್ನಿತ್ತಿತು. 1948ರ ಶಾಸನದ ನಲವತ್ತೆಂಟನೆಯ ಕಲಮು ಅದನ್ನು ಕಡ್ಡಾಯಗೊಳಿಸಿತು. 1976ರ ತಿದ್ದುಪಡಿಯು ಐವತ್ತನ್ನು ಮೂವತ್ತಕ್ಕೆ ಇಳಿಸಿತು. 1951ರ ತೋಟ ಕಾರ್ಮಿಕರ ಶಾಸನವೂ 1996ರ ಕಟ್ಟಡ ಕಾರ್ಮಿಕರ ಶಾಸನವೂ ಇದೇ ಆರನ್ನು ಅಂಗೀಕರಿಸಿದವು. 2005ರ ಉದ್ಯೋಗ ಖಾತರಿ ಶಾಸನವು ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ತಾಯಂದಿರೊಡನೆ ಬಂದಲ್ಲಿ, ಆ ಸ್ತ್ರೀಯರಲ್ಲಿಯೇ ಒಬ್ಬಳನ್ನು ಮಕ್ಕಳನ್ನು ನೋಡಿಕೊಳ್ಳಲು ನೇಮಿಸಿ ಅವಳಿಗೂ ಕೂಲಿ ಕೊಡಬೇಕೆಂದು ವಿಧಿಸಿತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯು ಸ್ತ್ರೀಯರೆಂಬ ವಿಶೇಷಣವನ್ನು ಬಿಟ್ಟು ಐವತ್ತಕ್ಕಿಂತ ಹೆಚ್ಚು ಕೆಲಸಗಾರರೆಂದಿತಾದರೂ ಮಕ್ಕಳ ವಯಸ್ಸನ್ನು ಮಾತ್ರ ಆರರಲ್ಲಿಯೇ ಉಳಿಸಿಕೊಂಡಿತು. ಈ ಪರಂಪರೆಯಲ್ಲೆಲ್ಲ ಎಣಿಕೆಗೆ ಬಂದವರು ಕೆಲಸಗಾರರು. ತಾಯಿ ಕೆಲಸಕ್ಕೆ ನಿಲ್ಲುವಂತಾಗಬೇಕು, ಮಗು ಎಲ್ಲಿಯಾದರೂ ಸುರಕ್ಷಿತವಾಗಿರಬೇಕು ಎಂಬಷ್ಟೇ ಆಶಯವಿದ್ದುದರಿಂದ, ಎಂಟು ತಿಂಗಳ ಕೂಸಿಗೂ ಐದು ವರ್ಷದ ಹುಡುಗನಿಗೂ ಒಂದೇ ಕೋಣೆ ಸಾಕೆಂದು ಶಾಸನಕಾರರಿಗೆ ತೋರಿದುದು ಆಶ್ಚರ್ಯವಲ್ಲ.

ಮೂರು ವರ್ಷವೆಂಬ ಮೇರೆಯ ವಂಶಾವಳಿಯು ಬೇರೆ. ಭಾವನಗರದಲ್ಲಿ 1920ರಲ್ಲಿ ಬಾಲಮಂದಿರವನ್ನು ತೆರೆದ ಗಿಜುಭಾಯಿ ಬಧೇಕಾ ಅವರೂ, ಅವರ ಸಹಕಾರಿಣಿಯಾಗಿದ್ದು ಮುಂದೆ ಬೋರ್ಡಿಯಲ್ಲಿಯೂ ಕೋಸಬಾಡದ ವಾರಲಿ ಆದಿವಾಸಿಗಳ ನಡುವೆಯೂ ಅನುತಾಯಿ ವಾಘ್ ಅವರೊಡನೆ ದುಡಿದ ತಾರಾಬಾಯಿ ಮೋಡಕ್ ಅವರೂ, ಮಾಂಟೆಸ್ಸೊರಿ ಪದ್ಧತಿಯನ್ನು ಬಡವರ ಅಂಗಳಕ್ಕೆ ತಂದ ಮಹನೀಯರು. ಅವರ ಲಕ್ಷ್ಯವು ಮುಖ್ಯವಾಗಿ ಶಿಕ್ಷಣದ ಕಡೆಗಿದ್ದಿತು. ಮೀನಾ ಸ್ವಾಮಿನಾಥನ್ ಅವರ ಅಧ್ಯಕ್ಷತೆಯ ಅಧ್ಯಯನ ಮಂಡಲಿಯು 1972ರಲ್ಲಿ ಸಲ್ಲಿಸಿದ ವರದಿಯು ಆಹಾರ, ಆರೋಗ್ಯ, ಶಿಕ್ಷಣಗಳನ್ನು ಒಂದುಗೂಡಿಸಬೇಕೆಂದಿತು. ತರುವಾಯ 1975ರ ಅಕ್ಟೋಬರ್ 2ರಂದು ಮೂವತ್ತಮೂರು ಪ್ರಾಯೋಗಿಕ ಕ್ಷೇತ್ರಗಳಲ್ಲಿ, ನಮ್ಮ ನಾಡಿನಲ್ಲಾದರೆ ತಿರುಮಕೂಡಲು ನರಸೀಪುರದಲ್ಲಿ, ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಆರಂಭವಾಯಿತು. ಒಂದುಗೂಡಿಸುವ ಸಂಕಲ್ಪದಿಂದ ಹುಟ್ಟಿದ ಈ ಯೋಜನೆಯೇ ವಯಸ್ಸಿನ ವಿಷಯದಲ್ಲಿ ಮಗುವನ್ನು ಎರಡಾಗಿ ಸೀಳಿತೆಂಬುದು ಖೇದದ ಸಂಗತಿ. ಮೂರರಿಂದ ಆರರವರೆಗಿನ ಮಗುವಿಗೆ ಅಂಗನವಾಡಿಯಲ್ಲಿ ಕೂರಲು ಚಾಪೆ, ಬಿಸಿಯೂಟ, ಹಾಡು, ಆಟ; ಆರು ತಿಂಗಳಿಂದ ಮೂರರವರೆಗಿನ ಮಗುವಿಗೆ ತಿಂಗಳಿಗೊಮ್ಮೆ ತೂಕ ಮತ್ತು ಮನೆಗೆ ಒಯ್ಯುವ ಪುಷ್ಟಿಯ ಪೊಟ್ಟಣ.

ಹಳಿಯಾಳ ತಾಲೂಕಿನ ಯಾವುದಾದರೊಂದು ಅಂಗನವಾಡಿಯಲ್ಲಿ ಪುಷ್ಟಿ ಹಂಚುವ ದಿನ ಕುಳಿತು ನೋಡಿದವರಿಗೆ ಈ ಸೀಳು ಕಣ್ಣಿಗೆ ಕಟ್ಟುವುದು. ತೊಲೆಗೆ ತೂಗುಹಾಕಿದ ತಕ್ಕಡಿಯ ಜೋಳಿಗೆಯಲ್ಲಿ ಎರಡು ವರ್ಷದ ಮಗುವನ್ನು ಕೂರಿಸುತ್ತಾರೆ. ಅದು ಅತ್ತು ಕಾಲು ಝಾಡಿಸುವುದರಿಂದ ಮುಳ್ಳು ನಿಲ್ಲದೆ, ಸಹಾಯಕಿ ಬೆನ್ನು ಸವರಿ ಸಮಾಧಾನಪಡಿಸಿದ ಮೇಲೆ ಟೀಚರ್ ತೂಕವನ್ನು ತಾಯಿ ಕಾರ್ಡಿನ ರೇಖೆಯ ಮೇಲೆ ಗುರುತಿಸುತ್ತಾರೆ. ತಾಯಿ ಸಹಿ ಮಾಡಿ ಪೊಟ್ಟಣಗಳನ್ನು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾಳೆ. ಅಷ್ಟರಲ್ಲಿ ಮಗು ಜೋಳಿಗೆಯಿಂದಿಳಿದು ನೇರವಾಗಿ ಚಾಪೆಯ ಮೇಲಿನ ಅಕ್ಕನ ಪಕ್ಕಕ್ಕೆ ಹೋಗಿ ಕುಳಿತಿರುತ್ತದೆ. ‘ಇವನ್ನೂ ಇಲ್ಲೇ ಬಿಟ್ಟು ಗದ್ದಿಗೆ ಹೋಗ್ಲೇನ್ರಿ ಟೀಚರ?’ ಎಂದು ತಾಯಿ ಕೇಳುವುದುಂಟು. ‘ಮೂರು ತುಂಬಿಲ್ಲಲ್ಲವಾ ತಂಗಿ’ ಎಂಬ ಉತ್ತರದಲ್ಲಿ ಕಾಠಿನ್ಯವಿಲ್ಲ, ಹಾಜರಿ ಪುಸ್ತಕದಲ್ಲಿ ಆ ಮಗುವಿಗೆ ಸಾಲಿಲ್ಲವೆಂಬ ನಿರುಪಾಯವಿದೆ. ಎಷ್ಟೋ ಕಡೆ ಟೀಚರ್ ಅದನ್ನು ಹಾಗೆಯೇ ಇರಗೊಡುತ್ತಾರೆ. ಆಗ ಅದು ಉಣ್ಣುವ ಅನ್ನವೂ ಲೆಕ್ಕದ ಹೊರಗಿನದು, ಅದರ ಮೇಲಿಡುವ ನಿಗಾವೂ ಲೆಕ್ಕದ ಹೊರಗಿನದು.

ಆರು ತಿಂಗಳೆಂಬ ಕೆಳಮೇರೆಗಾದರೂ ಶಾರೀರಿಕವಾದ ಆಧಾರವುಂಟು. ಅಲ್ಲಿಯವರೆಗೆ ತಾಯಿಯ ಹಾಲೊಂದೇ ಆಹಾರವಾಗಿರಬೇಕೆಂಬುದು ವೈದ್ಯಸಮ್ಮತವಾದ ಮಾತು. 2017ರ ತಿದ್ದುಪಡಿಯು ಹೆರಿಗೆ ರಜೆಯನ್ನು ಇಪ್ಪತ್ತಾರು ವಾರಗಳಿಗೆ ಏರಿಸಿದುದರಿಂದ ರಜೆ ಮುಗಿಯುವ ದಿನವೂ ಪಾಲನಾಗೃಹದ ಬಾಗಿಲು ತೆರೆಯುವ ದಿನವೂ ಕೂಡಿಬಂದವು. ಆದರೆ ಈ ಸಾಮರಸ್ಯವು ಸಂಬಳದ ತಾಯಿಗೆ ಮಾತ್ರ ಸಲ್ಲುವುದು. ಹೆತ್ತ ಮೂರನೆಯ ತಿಂಗಳಿಗೇ ಕೂಲಿಗೆ ಹೊರಡಬೇಕಾದವಳಿಗೆ ಅದು ದೂರದ ಮಾತು.

ನಿಯಮಗಳಲ್ಲಿ ದಟ್ಟಡಿಯ ಮಗುವಿನ ಸಮೀಪಕ್ಕೆ ಬಂದುದು 2022ರವರೆಗೆ ಇದ್ದ ರಾಷ್ಟ್ರೀಯ ಶಿಶುಪಾಲನಾಗೃಹ ಯೋಜನೆ. ಆರು ತಿಂಗಳಿಂದ ಆರು ವರ್ಷದವರೆಗಿನ ಇಪ್ಪತ್ತೈದು ಮಕ್ಕಳ ಈ ಗೃಹವು ತಿಂಗಳಿಗೆ ಇಪ್ಪತ್ತಾರು ದಿನ, ದಿನಕ್ಕೆ ಏಳೂವರೆ ತಾಸು ತೆರೆದಿರಬೇಕಾಗಿತ್ತು. ಮೂರರೊಳಗಿನ ಹತ್ತು ಮಕ್ಕಳಿಗೆ ಒಬ್ಬಳು, ಮೂರರ ಮೇಲಿನ ಇಪ್ಪತ್ತು ಮಕ್ಕಳಿಗೆ ಒಬ್ಬಳು ಪಾಲಕಿ ಇರಬೇಕೆಂಬುದು ಅದರ ವಿಧಿಯಾಗಿತ್ತು. 2013ರ ರಾಷ್ಟ್ರೀಯ ಪೂರ್ವಬಾಲ್ಯ ನೀತಿಯೂ ಇದೇ ಪ್ರಮಾಣವನ್ನು ಹೇಳಿತು. ಖಾಸಗಿ ಆಟದ ಶಾಲೆಗಳಿಗೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗವು ರಚಿಸಿದ ಸೂತ್ರಗಳಾದರೋ ಮೂರು ತುಂಬದ ಮಗುವನ್ನು ಸೇರಿಸಿಕೊಳ್ಳಲೇಬಾರದೆನ್ನುತ್ತವೆ. ಎಳೆಯ ಮಗುವನ್ನು ಅಕ್ಷರದ ಹೊರೆಯಿಂದ ಕಾಪಾಡುವ ಆ ನಿಷೇಧವು ಸಾಧುವಾದುದೇ. ಆದರೆ ಹೊರಗಿರಿಸಿದ ಮಗು ಎಲ್ಲಿಗೆ ಹೋಗಬೇಕೆಂಬುದನ್ನು ಅದು ತಿಳಿಸುವುದಿಲ್ಲ.

ತುಲನೆಗಾಗಿ ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನವನ್ನು ನೋಡಬಹುದು. ಅಲ್ಲಿ ಪರವಾನಗಿ ಪಡೆದ ಶಿಶುಕೇಂದ್ರಗಳಲ್ಲಿ ಹದಿನೆಂಟರಿಂದ ಮೂವತ್ತು ತಿಂಗಳವರೆಗಿನ ಮಕ್ಕಳಿಗೆಂದೇ ಪ್ರತ್ಯೇಕ ವಿಭಾಗವನ್ನು ಕಲ್ಪಿಸಿ, ಆರು ಮಕ್ಕಳಿಗೊಬ್ಬ ಶಿಕ್ಷಕಿಯನ್ನು ಗೊತ್ತುಪಡಿಸಿ, ಮಗುವನ್ನು ಆ ವಿಭಾಗಕ್ಕೆ ಸೇರಿಸಲು ತಂದೆತಾಯಿಯರ ಒಪ್ಪಿಗೆ ಬೇಕೆಂದು ನಿಯಮಿಸಿದರು. ಮುಂದೆ ಮೇಲ್ಮೇರೆಯನ್ನು ಮೂರು ವರ್ಷಕ್ಕೆ ಏರಿಸಿದರು. ಶ್ರೀಮಂತ ದೇಶದ ಪ್ರಮಾಣವನ್ನು ನಾವು ಯಥಾವತ್ತಾಗಿ ತರಬೇಕಾಗಿಲ್ಲ. ನಡೆಯಲಾರಂಭಿಸಿದ ಮಗು ತೊಟ್ಟಿಲ ಕೂಸೂ ಅಲ್ಲ, ಶಾಲೆಯ ಬಾಲಕನೂ ಅಲ್ಲ ಎಂಬ ವಿವೇಕವು ಅಲ್ಲಿ ನಿಯಮದ ರೂಪವನ್ನು ಪಡೆದುದಷ್ಟೇ ಗ್ರಾಹ್ಯ. ಜೊತೆಗೆ, ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಂತೆ ಆರೋಗ್ಯವಂತ ಮಕ್ಕಳು ಸ್ವತಂತ್ರವಾಗಿ ನಡೆಯುವುದು 8.2ರಿಂದ 17.6 ತಿಂಗಳೊಳಗೆ. ಇಷ್ಟು ವಿಶಾಲವಾದ ಅಂತರವಿರುವಾಗ ಒಂದೇ ತಾರೀಖನ್ನು ಗೋಡೆಯಂತೆ ನಿಲ್ಲಿಸುವುದು ಪ್ರಕೃತಿಗೆ ಒಪ್ಪದ ಕಾರ್ಯ.

ಈಗ ನಮ್ಮ ಸೀಮೆಗೆ ಬರೋಣ. ಕಾಳಿ ನದಿಯ ಕಣಿವೆಯಲ್ಲಿ ಸೂಪಾ ಮುಳುಗಿದ ಮೇಲೆ ತಾಲೂಕಿನ ಕೇಂದ್ರವಾದ ಜೋಯಿಡಾದಲ್ಲಿ ಕುಣಬಿಗಳ ಕೇರಿಗಳು ದಟ್ಟಾರಣ್ಯದೊಳಗೆ ಚದುರಿಕೊಂಡಿವೆ. ಹಳಿಯಾಳ ಮುಂಡಗೋಡಗಳಲ್ಲಿ ಗೌಳಿಗರ ವಾಡೆಗಳೂ, 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಸಿದ್ದಿಗಳ ಮಜರೆಗಳೂ ಕಾಡಿನಂಚಿನಲ್ಲಿವೆ. ಅಂಗನವಾಡಿಗೆ ಜನಸಂಖ್ಯೆಯ ನಿಯಮವಿದೆ: ಬಯಲಿನಲ್ಲಿ ನಾಲ್ಕುನೂರರಿಂದ ಎಂಟುನೂರು ಜನಕ್ಕೆ ಒಂದು, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ ಮುನ್ನೂರರಿಂದ ಎಂಟುನೂರಕ್ಕೆ ಒಂದು, ಅಲ್ಲಿಯೇ ನೂರೈವತ್ತರಿಂದ ಮುನ್ನೂರಕ್ಕೆ ಒಂದು ಮಿನಿ ಅಂಗನವಾಡಿ. ಆರರೊಳಗಿನ ನಲವತ್ತು ಮಕ್ಕಳಿದ್ದಲ್ಲಿ ಬೇಡಿಕೆಯಿಟ್ಟ ಮೂರು ತಿಂಗಳೊಳಗೆ ಅಂಗನವಾಡಿ ತೆರೆಯತಕ್ಕದ್ದೆಂದು ಸುಪ್ರೀಂ ಕೋರ್ಟು 2006ರ ಡಿಸೆಂಬರಿನಲ್ಲಿ ಆಜ್ಞಾಪಿಸಿತು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಏಳು ತುಂಬದ ಮಕ್ಕಳು ನೂರಕ್ಕೆ ಸುಮಾರು ಹನ್ನೆರಡು. ಆರರೊಳಗಿನವರನ್ನು ಹತ್ತೆಂದು ಹಿಡಿದರೆ ನಲವತ್ತು ಮಕ್ಕಳಿಗೆ ನಾಲ್ಕುನೂರು ಜನರ ಊರು ಬೇಕು. ಹತ್ತಿಪ್ಪತ್ತು ಮನೆಗಳ ಗೌಳಿವಾಡೆಗೆ ಈ ಹಕ್ಕು ಎಂದಿಗೂ ಎಟುಕದು. ನೂರೈವತ್ತು ಜನರ ಮಜರೆಯಲ್ಲಿ ಒಂದರಿಂದ ಮೂರರೊಳಗಿನ ಮಕ್ಕಳು ಇದೇ ಲೆಕ್ಕದಂತೆ ಐದು. ಐದು ಮಕ್ಕಳೆಂದರೆ ಒಬ್ಬ ಪಾಲಕಿಗೆ ಸರಿಯಾದ ಗುಂಪು. ಆದರೆ ಇಪ್ಪತ್ತೈದರ ಘಟಕವನ್ನೇ ಕಲ್ಪಿಸಿದ್ದ ಶಿಶುಪಾಲನಾಗೃಹ ಯೋಜನೆಯ ದೃಷ್ಟಿಗೆ ಅದು ಗುಂಪೇ ಆಗಿರಲಿಲ್ಲ. ಮಿನಿ ಅಂಗನವಾಡಿಯಲ್ಲಂತೂ ಸಹಾಯಕಿಯ ಹುದ್ದೆಯೇ ಇರಲಿಲ್ಲ. ಅವುಗಳನ್ನು ಪೂರ್ಣ ಅಂಗನವಾಡಿಗಳಾಗಿ ಏರಿಸುವ ಈಚಿನ ಕ್ರಮವು ಸ್ವಾಗತಾರ್ಹ.

ದೂರದ ಪ್ರಶ್ನೆ ಇದಕ್ಕಿಂತ ಗಹನವಾದುದು. ಜೋಯಿಡಾದ ಮಳೆಗಾಲದಲ್ಲಿ ಹಳ್ಳ ತುಂಬಿದರೆ ದೊಡ್ಡವರೇ ದಾಟಲು ಅಂಜುವರು. ನಾಲ್ಕು ವರ್ಷದ ಮಗುವಾದರೂ ಕೈಹಿಡಿದು ಒಂದು ಮೈಲಿ ನಡೆದೀತು, ಎರಡು ವರ್ಷದ ಮಗುವನ್ನು ಎತ್ತಿಕೊಂಡೇ ಹೋಗಬೇಕು. ನಾಟಿಯ ಕಾಲದಲ್ಲಿ ತಾಯಿಗೆ ಅದಕ್ಕೆ ವ್ಯವಧಾನವಿಲ್ಲದುದರಿಂದ ಮಗು ಶಾಲೆ ತಪ್ಪಿಸಿದ ಅಕ್ಕನ ಸೊಂಟವನ್ನೇರುತ್ತದೆ. ಹೀಗೆ ಕಿರಿಯದಕ್ಕೆ ಇಲ್ಲದ ಪಾಲನೆಯು ಹಿರಿಯದಕ್ಕೆ ಇದ್ದ ಶಿಕ್ಷಣವನ್ನೂ ಕಸಿಯುತ್ತದೆ. ದಾಂಡೇಲಿಯ ಪರಿಸ್ಥಿತಿ ಬೇರೆ. 1955ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯ ಸುತ್ತ ಬೆಳೆದ ಆ ಊರು ಇಂದು ಪ್ರವಾಸಿಗರ ಊರೂ ಆಗಿದೆ. ಹೋಂಸ್ಟೇಗಳಲ್ಲಿ ಪಾತ್ರೆ ಬಟ್ಟೆ ಅಡಿಗೆಗಳಿಗೆ ನಿಂತ ನಾಲ್ಕಾರು ಹೆಂಗಸರು ಹಿಂದಿನ ಮೂವತ್ತರ ನಿಯಮಕ್ಕೂ ಸೇರುತ್ತಿರಲಿಲ್ಲ, ಈಗಿನ ಐವತ್ತರ ನಿಯಮಕ್ಕೂ ಸೇರರು. ಹಳಿಯಾಳದ ಕಬ್ಬಿನ ಗದ್ದೆಗಳಲ್ಲಿ ಬೆಳಗಿನ ಜಾವಕ್ಕೇ ಕಡಿಯಲು ಇಳಿಯುವ ತಂಡಗಳ ಮಕ್ಕಳಿಗೆ ಹತ್ತು ಗಂಟೆಗೆ ಬಾಗಿಲು ತೆರೆಯುವ ಯಾವ ಕೇಂದ್ರವೂ ಒದಗದು.

ಭಾಷೆಯ ವಿಷಯವನ್ನೂ ಮರೆಯಲಾಗದು. ಒಂದರಿಂದ ಮೂರರ ನಡುವೆಯೇ ಮಗು ಮಾತನ್ನು ಕಲಿಯುವುದು; ಈ ತಾಲೂಕುಗಳಲ್ಲಿ ಆ ಮಾತು ಕೊಂಕಣಿಯಾಗಿರಬಹುದು, ಮರಾಠಿಯಾಗಿರಬಹುದು, ಉರ್ದುವಾಗಿರಬಹುದು, 1966ರಿಂದ ನೆಲೆನಿಂತ ಮುಂಡಗೋಡದ ಟಿಬೇಟಿ ಶಿಬಿರಗಳಲ್ಲಿ ಟಿಬೇಟಿಯಾಗಿರಬಹುದು. ಆದಕಾರಣ ಈ ವಯಸ್ಸಿನ ಪಾಲಕಿಯು ಅದೇ ಕೇರಿಯವಳಾಗಿರುವುದು ಸೌಕರ್ಯದ ಮಾತಲ್ಲ, ಅತ್ಯಾವಶ್ಯಕವಾದ ಅರ್ಹತೆ. ಕರ್ನಾಟಕ ಸರಕಾರವು 2023ರಲ್ಲಿ ನಾಲ್ಕು ಸಾವಿರ ಗ್ರಾಮ ಪಂಚಾಯತಿಗಳಿಗೆಂದು ಘೋಷಿಸಿದ ‘ಕೂಸಿನ ಮನೆ’ ಎಂಬ ಶಿಶುಪಾಲನಾಗೃಹವು ಉದ್ಯೋಗ ಖಾತರಿಯ ಚೀಟಿಯುಳ್ಳ ಸ್ಥಳೀಯ ಸ್ತ್ರೀಯರಿಗೇ ತರಬೇತಿಯಿತ್ತು ಆರೈಕೆದಾರರನ್ನಾಗಿ ಮಾಡಿದುದರಿಂದ ಈ ತತ್ತ್ವವನ್ನು ಬಹುಮಟ್ಟಿಗೆ ಒಪ್ಪಿಕೊಂಡಂತಾಗಿದೆ. ಮೂರರೊಳಗಿನ ಮಕ್ಕಳ ಲಾಲನೆಗಾಗಿ ಕೇಂದ್ರ ಸರಕಾರವು 2024ರಲ್ಲಿ ಹೊರತಂದ ‘ನವಚೇತನಾ’ ಪಠ್ಯಚೌಕಟ್ಟೂ ಈಗ ಕೈಯಲ್ಲಿದೆ. ಪಠ್ಯವುಂಟು, ಪಾಲಕಿಯುಂಟು, ಇವೆರಡನ್ನೂ ಕೂಡಿಸುವ ವಯೋವಿಭಾಗವೊಂದು ನಿಯಮದಲ್ಲಿ ಇಲ್ಲ.

ಒಂದನೆಯ ತರಗತಿಗೆ ಜೂನ್ 1ಕ್ಕೆ ಆರು ತುಂಬಿರಬೇಕೆಂಬ ಆಜ್ಞೆಯ ಕುರಿತು ನಾಡಿನಲ್ಲಿ ಎಷ್ಟು ಚರ್ಚೆಯಾಯಿತೆಂಬುದು ಎಲ್ಲರಿಗೂ ತಿಳಿದಿದೆ. 2025ರಲ್ಲಿ ಆ ವರ್ಷದ ಮಟ್ಟಿಗೆ ಅದನ್ನು ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದುದೂ ಪೋಷಕರ ಒತ್ತಾಯದಿಂದಲೇ. ಎರಡು ವರ್ಷದ ಮಗುವಿನ ಪರವಾಗಿ ಅಂತಹ ಕೂಗು ಏಳಲಿಲ್ಲ, ಏಕೆಂದರೆ ಅದರ ತಾಯಿ ಗದ್ದೆಯಲ್ಲಿದ್ದಾಳೆ.

ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುವೆನು. ಹನ್ನೆರಡು ತಿಂಗಳಿಂದ ಮೂವತ್ತಾರು ತಿಂಗಳವರೆಗಿನ ಮಕ್ಕಳನ್ನು ಪ್ರತ್ಯೇಕ ವಿಭಾಗವೆಂದು ನಿಯಮಗಳಲ್ಲಿ ಹೆಸರಿಸಬೇಕು. ಐದಾರು ಮಕ್ಕಳಿಗೊಬ್ಬ ಪಾಲಕಿಯೆಂದು ಗೊತ್ತುಪಡಿಸಿ, ಅಷ್ಟೇ ಮಕ್ಕಳಿರುವ ವಾಡೆಗೂ ಘಟಕವನ್ನು ಮಂಜೂರು ಮಾಡಬೇಕು. ನಡೆಯಲು ತಡಮಾಡಿದ ಮಗುವಿಗಾಗಿಯೂ ನಡುವರ್ಷದಲ್ಲಿ ಮೂರು ತುಂಬಿದ ಮಗುವಿಗಾಗಿಯೂ ಎರಡು ತುದಿಗಳಲ್ಲಿ ಕೆಲವು ತಿಂಗಳ ಸಡಿಲಿಕೆಯನ್ನು ಟೀಚರ್ ಮತ್ತು ತಾಯಿಯ ವಿವೇಚನೆಗೆ ಬಿಡಬೇಕು. ತೆರೆಯುವ ವೇಳೆಯನ್ನು ಆ ಊರಿನ ಕೆಲಸದ ವೇಳೆಗೆ ಹೊಂದಿಸಬೇಕು. ಇದಕ್ಕೆ ಹೊಸ ಶಾಸನವನ್ನು ಕಾಯಬೇಕಾಗಿಲ್ಲ. ನಾಲ್ಕು ತಾಲೂಕುಗಳ ಪ್ರತಿ ಅಂಗನವಾಡಿಗೂ ಬಾಲವಿಕಾಸ ಸಮಿತಿಯಿದೆ. ಮುಂದಿನ ಸಭೆಯಲ್ಲಿ ಅದರ ಸದಸ್ಯರು ತಮ್ಮ ಕೇರಿಯ ಒಂದರಿಂದ ಮೂರರೊಳಗಿನ ಮಕ್ಕಳ ಹೆಸರುಗಳನ್ನೂ, ಹಗಲು ಹೊತ್ತಿನಲ್ಲಿ ಅವರನ್ನು ನೋಡಿಕೊಳ್ಳುವವರು ಯಾರೆಂಬುದನ್ನೂ ಬರೆದು ಪಂಚಾಯತಿಗೆ ಸಲ್ಲಿಸಬೇಕೆಂದು ಪ್ರಾರ್ಥಿಸುತ್ತೇನೆ.