ಆ ಐದು ತರಗತಿಗಳು

ಬಿ.ಇ. ಓದುವಾಗ ನಮಗೊಂದು ಪೇಪರ್ ಇತ್ತು, ಪರಿಸರ ಅಧ್ಯಯನ. ಪಾಸಾದರೆ ಸಾಕು ಅನ್ನುವಂಥದ್ದು. ಹಿಂದಿನ ರಾತ್ರಿ ಗೈಡ್ ಹಿಡಿದು 'ಚಿಪ್ಕೋ, 1973, ಉತ್ತರಾಖಂಡ' ಅಂತ ಉರು ಹೊಡೆದು ಬರೆದು ಬಂದೆ.

ಈ ಪೇಪರ್ ಬಂದದ್ದು ಹೇಗೆ ಗೊತ್ತಾ? ಎಂ.ಸಿ. ಮೆಹ್ತಾ ಹಾಕಿದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1991ರ ನವೆಂಬರಿನಲ್ಲೇ ಕಾಲೇಜುಗಳಲ್ಲೂ ಪರಿಸರ ಕಲಿಸಿ ಎಂದಿತ್ತು. 2003ರಲ್ಲಿ ಮತ್ತೆ ಗದರಿದ ಮೇಲೆ ಅದು ಎಲ್ಲ ಪದವಿಗಳಿಗೂ ಬಂತು. ಯುಜಿಸಿಯ ಪಠ್ಯಕ್ರಮದಲ್ಲಿ 50 ತರಗತಿ, ಅದರಲ್ಲಿ 5 ಹೊರಗೆ ಹೋಗಿ ನೋಡುವುದಕ್ಕೆ. ನಮ್ಮನ್ನಂತೂ ಯಾರೂ ಎಲ್ಲಿಗೂ ಕರೆದೊಯ್ಯಲಿಲ್ಲ.

ರಜೆಯಲ್ಲಿ ಸಿದ್ದಾಪುರದ ಮನೆಗೆ ಹೋದಾಗ ಅಜ್ಜ ಕವಳ ಹಾಕುತ್ತಾ ಕೇಳಿದ, "ಸಾಲ್ಕಣಿ ಬಗ್ಗೆ ಎಂತಾ ಬರದ್ಯೋ ತಮಾ?"

ನಾನು ತೆಪ್ಪಗಾದೆ. ಕೇಳಿದ ಹೆಸರೇ, ಆದರೆ ಅದು ಪೇಪರಿನಲ್ಲಿ ಬರೆಯುವ ಸಂಗತಿ ಅಂತ ಹೊಳೆದಿರಲೇ ಇಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯವರು ಕಾಡಿಗೆ ಹೋಗಿ, ಕಡಿಯಲು ಹೊರಟ ಮರಗಳನ್ನು ಅಪ್ಪಿಕೊಂಡರು. ಅದೇ ಅಪ್ಪಿಕೋ ಚಳವಳಿ. ಅದಕ್ಕೂ ಮೊದಲು, 1981ರಲ್ಲಿ, ಯಲ್ಲಾಪುರದ ಕಡೆ ತೋಟ, ಕಾಡು ಮುಳುಗಿಸಲಿದ್ದ ಬೇಡ್ತಿ ಜಲವಿದ್ಯುತ್ ಯೋಜನೆಯ ಲಾಭ-ನಷ್ಟವನ್ನು ಅಡಿಕೆ ಬೆಳೆಗಾರರು ಶಿರಸಿಯಲ್ಲಿ ವಿಜ್ಞಾನಿಗಳ ಜೊತೆ ಕೂತು ಚರ್ಚಿಸಿದ್ದರು. ಅಣೆಕಟ್ಟು ಏಳಲಿಲ್ಲ.

ಅವರಿಗೆ ಯಾವ ಕೋರ್ಟೂ ಕಡ್ಡಾಯ ಮಾಡಿರಲಿಲ್ಲ. ಬೆಟ್ಟ ಬೋಳಾದರೆ ತೋಟಕ್ಕೆ ಸೊಪ್ಪಿಲ್ಲ, ಹಳ್ಳ ಬತ್ತಿದರೆ ತೋಟವೇ ಇಲ್ಲ. ಬದುಕೇ ಕಲಿಸಿದ ವಿಜ್ಞಾನ ಅದು.

ಆ ವಿಷಯ ಕಡ್ಡಾಯವಾದದ್ದು ತಪ್ಪಲ್ಲ. ಆ ಐದು ತರಗತಿ ಬಿಟ್ಟದ್ದು ತಪ್ಪು. ಈಗ ಊರಿಗೆ ಹೋದಾಗಲೆಲ್ಲ ಅವನ್ನು ಒಂದೊಂದಾಗಿ ಮುಗಿಸುತ್ತಿದ್ದೇನೆ.