ಮಲ್ಪೆಯ ಸೇಂಟ್ ಮೇರಿ ದ್ವೀಪಗಳು: ಶಿಲೆ ಮತ್ತು ಸ್ತಂಭ

ಪಡುಬಿದ್ರಿಯಿಂದ ಉತ್ತರಾಭಿಮುಖವಾಗಿ ಸಾಗುವ ಕರಾವಳಿಯು ಕಾಪುವಿನಲ್ಲಿ 1901ರ ದೀಪಸ್ತಂಭವನ್ನು ಹೊತ್ತ ಬಂಡೆಯನ್ನು ದಾಟಿ ಮಲ್ಪೆಯನ್ನು ಸೇರುತ್ತದೆ. ಮಲ್ಪೆಯಿಂದ ಸುಮಾರು ಆರು ಕಿ.ಮೀ. ದೂರದ ಕಡಲಿನಲ್ಲಿ ದಡಕ್ಕೆ ಸಮಾನಾಂತರವಾಗಿ ಹಬ್ಬಿರುವ ನಿರ್ಜನ ದ್ವೀಪಮಾಲೆಯೇ ಸೇಂಟ್ ಮೇರಿ ದ್ವೀಪಗಳು. ಸ್ಥಳೀಯರು ಇದನ್ನು ತೋನ್ಸೆ ಪಾರ್ ಎಂದೂ ಕರೆಯುವರು.

ಇವುಗಳಲ್ಲಿ ಪ್ರಮುಖವಾದ ತೆಂಗಿನ ದ್ವೀಪವು ಸುಮಾರು 500 ಮೀಟರ್ ಉದ್ದ, ಹೆಚ್ಚೆಂದರೆ 100 ಮೀಟರ್ ಅಗಲವುಳ್ಳದ್ದು. ಇಲ್ಲಿನ ದಂಡೆಯಲ್ಲಿ ಮರಳಿಗಿಂತ ಕಪ್ಪೆಚಿಪ್ಪುಗಳೇ ಹೆಚ್ಚು. ದ್ವೀಪದ ವೈಶಿಷ್ಟ್ಯವಿರುವುದು ಬಹುಭುಜಾಕೃತಿಯ ಶಿಲಾಕಂಬಗಳಲ್ಲಿ. ಕೆಲವು ಆರು ಮೀಟರಿನಷ್ಟು ಎತ್ತರವಾಗಿವೆ. ಲಾವಾರಸವು ಆರುತ್ತಾ ಕುಗ್ಗಿದಾಗ ಬಿರುಕುಗಳು ಮೇಲ್ಮೈಯಿಂದ ಒಳಗಿಳಿದು ಇಂಥ ಕಂಬಗಳು ರೂಪುಗೊಳ್ಳುತ್ತವೆ. ಐರ್ಲೆಂಡಿನ ಜೈಂಟ್ಸ್ ಕಾಸ್‌ವೇಯ ಕಂಬಗಳು ಬಸಾಲ್ಟಿನವು. ಇಲ್ಲಿಯವಾದರೋ ಸಿಲಿಕಾಂಶ ಹೆಚ್ಚಿರುವ ರಯೋಲೈಟ್ ಹಾಗೂ ರಯೋಡೆಸೈಟ್ ವರ್ಗದವು. ಕಪ್ಪು ಬಣ್ಣವನ್ನು ಕಂಡು ಇವನ್ನು ದಖನ್ ಲಾವಾದ ಭಾಗವೆಂದು ಭಾವಿಸುವುದು ಸಲ್ಲದು. ದಖನ್ ಲಾವಾ ಸುಮಾರು 6.6 ಕೋಟಿ ವರ್ಷಗಳ ಹಿಂದಿನದು. ದ್ವೀಪದ ಶಿಲೆಗಳಿಗೆ ಕಾಲಮಾಪನವು 8.5ರಿಂದ 9.1 ಕೋಟಿ ವರ್ಷಗಳ ಪ್ರಾಯವನ್ನು ನೀಡಿದೆ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲವದು. ಆ ಅಗಲಿಕೆಯ ಕುರುಹು ಈ ಕರಾವಳಿಯಲ್ಲಿ ಉಳಿದಿರುವುದರಿಂದಲೇ ವಿದ್ವಾಂಸರಿಗೆ ಈ ಪುಟ್ಟ ದ್ವೀಪ ಮುಖ್ಯವಾಗಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ.

ಜನವಸತಿಯಿಲ್ಲದ ನೆಲಕ್ಕೂ ಇತಿಹಾಸವುಂಟು. ಈ ಸಮೂಹದೊಡನೆ ಎಣಿಸಲಾಗುವ ದರಿಯಾಬಹಾದ್ದೂರ್‌ಗಢವು ಕೋಟೆಯ ನೆನಪನ್ನು ಹೆಸರಿನಲ್ಲಿಯೇ ಉಳಿಸಿಕೊಂಡಿದೆ. ‘ಸೇಂಟ್ ಮೇರಿ’ ಎಂಬ ಹೆಸರು ಮಾತ್ರ ವಾಸ್ಕೋ ಡ ಗಾಮನಿಗೆ ಸಂಬಂಧಿಸಿದ್ದು. ಆತ ಕಲ್ಲಿಕೋಟೆಗೆ ಹೋಗುವ ಮುನ್ನ ಇಲ್ಲಿ ಇಳಿದು ಹೆಸರಿಟ್ಟನೆಂಬುದು ಪ್ರಚಲಿತ ಕಥನ. ಆದರೆ ಆ ಯಾನದ ದಿನಚರಿಯು ಬೇರೆಯದನ್ನೇ ಹೇಳುತ್ತದೆ. ನೌಕಾಪಡೆಯು 1498ರ ಮೇ ತಿಂಗಳಲ್ಲಿ ಕಲ್ಲಿಕೋಟೆಯ ಬಳಿ ತಲುಪಿ, ಆಗಸ್ಟ್ ಕೊನೆಯಲ್ಲಿ ಅಲ್ಲಿಂದ ಹೊರಟಿತು. ಸೆಪ್ಟೆಂಬರ್ 15ರಂದು ದಡದಿಂದ ಎರಡು ಲೀಗ್ ದೂರದ ಕಿರುದ್ವೀಪವೊಂದರಲ್ಲಿ ಸಾಂತಾ ಮರಿಯಾ ಹೆಸರಿನ ಕಲ್ಲಿನ ಸ್ತಂಭವನ್ನು ನಿಲ್ಲಿಸಲಾಯಿತು. ಅನಂತರ ಹಡಗುಗಳು ಅಂಜದೀವದತ್ತ ಸಾಗಿದವು. ಅಂದರೆ ಘಟನೆಯು ಮರುಪ್ರಯಾಣದ್ದು.

ಅಂದಿನ ಎರಡು ಪೋರ್ಚುಗೀಸ್ ಲೀಗ್ ಸುಮಾರು 12 ಕಿ.ಮೀ.ಗೆ ಸಮ, ಮಲ್ಪೆಯ ದ್ವೀಪಗಳು ಅದರ ಅರ್ಧದಷ್ಟು ದೂರದಲ್ಲಿವೆ. ಹಡಗಿನಿಂದ ಕಣ್ಣಳತೆಯಲ್ಲಿ ಹೇಳಿದ ದೂರಕ್ಕೆ ಇಷ್ಟು ವ್ಯತ್ಯಾಸ ಅಸಹಜವಲ್ಲ. ಆದರೂ ದಿನಚರಿಯು ಮಲ್ಪೆಯನ್ನು ಹೆಸರಿಸುವುದಿಲ್ಲ. ದ್ವೀಪವನ್ನು ಗುರುತಿಸಿದ್ದು ಹೆಸರಿನ ಪರಂಪರೆಯಿಂದ.