ನಗರಸಭೆಯ ಕಟಕಟೆಯಲ್ಲಿ ವಂಶವಾಹಿ

ವಂಶವಾಹಿ ತಂತ್ರಜ್ಞಾನದ ಸುತ್ತ ಎದ್ದ ಮೊದಲ ಭಯವೇ ಕ್ಯಾನ್ಸರಿನದು. 1971ರಲ್ಲಿ ಸ್ಟ್ಯಾನ್‌ಫರ್ಡ್‌ನ ಪಾಲ್ ಬರ್ಗ್, ಎಸ್‌ವಿ40 ಎಂಬ ಮಂಗನ ವೈರಸ್ಸಿನ ಡಿಎನ್‌ಎಯನ್ನು ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಸೇರಿಸಲು ಯೋಚಿಸಿದ್ದರು. ಆ ವೈರಸ್ ಹ್ಯಾಮ್‌ಸ್ಟರ್‌ಗಳಲ್ಲಿ ಗಡ್ಡೆ ಎಬ್ಬಿಸುತ್ತದೆ, ಇ. ಕೋಲಿಯ ಮನೆಯೋ ಮನುಷ್ಯನ ಕರುಳು. ರಾಬರ್ಟ್ ಪೊಲಾಕ್ ಎಂಬ ವಿಜ್ಞಾನಿ ಫೋನಿನಲ್ಲೇ ಆಕ್ಷೇಪ ಎತ್ತಿದರು. ಬರ್ಗ್ ಆ ಪ್ರಯೋಗ ಕೈಬಿಟ್ಟರು. 1975ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾದ ಅಸಿಲೊಮಾರ್‌ನಲ್ಲಿ ಇಂಥ ಪ್ರಯೋಗಗಳ ಸುರಕ್ಷತೆ ಕುರಿತು ಸಮ್ಮೇಳನವೂ ನಡೆಯಿತು. ವಿಜ್ಞಾನಿಗಳು ತಮಗೆ ತಾವೇ ಲಗಾಮು ಹಾಕಿಕೊಂಡರೆಂದು ಅದನ್ನು ಹೊಗಳುವುದು ವಾಡಿಕೆ. ಆದರೆ ಪ್ರಯೋಗಾಲಯದ ನೆರೆಹೊರೆಯವರಿಗೆ ಅಲ್ಲಿ ಕುರ್ಚಿ ಇರಲಿಲ್ಲ.

ನೆರೆಹೊರೆ ಮಾತಾಡಿದ್ದು ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ. ಹಾರ್ವರ್ಡ್ ವಿಶ್ವವಿದ್ಯಾಲಯ ಪಿ3 ಸುರಕ್ಷತಾ ದರ್ಜೆಯ ಪ್ರಯೋಗಾಲಯ ಕಟ್ಟಲು ಹೊರಟಾಗ ಮೇಯರ್ ಆಲ್ಫ್ರೆಡ್ ವೆಲ್ಲೂಚಿ 1976ರ ಜೂನ್ 23ರಂದು ನಗರಸಭೆಯಲ್ಲಿ ಬಹಿರಂಗ ವಿಚಾರಣೆ ನಡೆಸಿದರು. ಹಾರ್ವರ್ಡ್ ಜೊತೆ ಅವರದು ಹಳೇ ಜಗಳ. ಅದರ ಪ್ರಸಿದ್ಧ ಅಂಗಳವನ್ನು ಪಾರ್ಕಿಂಗ್ ಜಾಗ ಮಾಡಿಸುತ್ತೇನೆಂದು ಹಿಂದೊಮ್ಮೆ ಗುಡುಗಿದ್ದರು. ಹಾಗೆಂದು ವಿಚಾರಣೆಯನ್ನು ರಾಜಕಾರಣಿಯ ಗದ್ದಲವೆಂದು ತಳ್ಳಿಹಾಕುವಂತಿಲ್ಲ. ವಿಶ್ವವಿದ್ಯಾಲಯದೊಳಗೇ ಒಡಕಿತ್ತು: ಮಾರ್ಕ್ ಟಾಶ್ನಿ ಸಂಶೋಧನೆಯ ಪರ, ನೊಬೆಲ್ ಪುರಸ್ಕೃತ ಜಾರ್ಜ್ ವಾಲ್ಡ್ ಮತ್ತು ಅವರ ಪತ್ನಿ, ಜೀವವಿಜ್ಞಾನಿ ರೂತ್ ಹಬ್ಬರ್ಡ್ ವಿರುದ್ಧ.

ನಗರಸಭೆ ಕೆಲಸಕ್ಕೆ ತಾತ್ಕಾಲಿಕ ತಡೆ ಹಾಕಿ, ನಾಗರಿಕರದೇ ಪರಿಶೀಲನಾ ಸಮಿತಿ ರಚಿಸಿತು. ಅದರಲ್ಲಿ ನರ್ಸ್ ಇದ್ದರು, ಎಂಜಿನಿಯರ್ ಇದ್ದರು, ವ್ಯಾಪಾರಿಯೂ ಇದ್ದರು. ಇವರಿಗೇನು ಅರ್ಥವಾದೀತು ಎಂದುಕೊಂಡವರಿಗೆ ವರದಿಯೇ ಉತ್ತರವಾಯಿತು: ಸಂಶೋಧನೆ ನಡೆಯಲಿ, ಕಟ್ಟುನಿಟ್ಟು ಹೆಚ್ಚಲಿ. 1977ರ ಫೆಬ್ರುವರಿಯ ನಗರ ಕಾನೂನು ಅತ್ಯಂತ ಅಪಾಯಕಾರಿಯಾದ ಪಿ4 ಪ್ರಯೋಗಗಳನ್ನು ನಿಷೇಧಿಸಿ, ಉಳಿದವುಗಳಿಗೆ ದಾರಿ ಬಿಟ್ಟಿತು. ನಿಯಮವೇ ಉದ್ಯಮವನ್ನು ಓಡಿಸುತ್ತದೆ ಎನ್ನುವವರು ಗಮನಿಸಬೇಕು: ವಂಶವಾಹಿ ತಂತ್ರಜ್ಞಾನದ ಬಯೋಜೆನ್ ಕಂಪನಿ ಮುಂದೆ ನೆಲೆಯೂರಿದ್ದು ಇದೇ ಊರಿನಲ್ಲಿ.

ಭಯ ಇಳಿಯುತ್ತಲೇ ಅತಿಯಾಸೆ ಏರಿತು. ದಾನಿಗಳ ರಕ್ತದಿಂದ ಅಷ್ಟಿಷ್ಟೇ ಸಿಗುತ್ತಿದ್ದ ಇಂಟರ್‌ಫೆರಾನ್ ಎಂಬ ಪ್ರೋಟೀನು ಕ್ಯಾನ್ಸರಿಗೆ ಮದ್ದಾದೀತೆಂದು 1978ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ 20 ಲಕ್ಷ ಡಾಲರ್ ತೆಗೆದಿರಿಸಿತ್ತು. 1980ರ ಜನವರಿಯಲ್ಲಿ ಬಯೋಜೆನ್ ಅದನ್ನು ಬ್ಯಾಕ್ಟೀರಿಯಾದಲ್ಲೇ ತಯಾರಿಸಿದ ಸುದ್ದಿ ಹೊರಬಿತ್ತು. ಪತ್ರಿಕೆಗಳು ಪವಾಡದ ಭಾಷೆಯಲ್ಲಿ ಬರೆದವು. ಕೊನೆಗೆ 1986ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು ಹೇರಿ ಸೆಲ್ ಲ್ಯುಕೀಮಿಯಾ ಎಂಬ ಒಂದು ಅಪರೂಪದ ರಕ್ತಕ್ಯಾನ್ಸರಿಗೆ. ಸಣ್ಣ ಗೆಲುವು, ಆದರೆ ನಿಜದ್ದು.

ದೊಡ್ಡ ಗೆಲುವು 2017ರಲ್ಲಿ ಬಂತು. ರೋಗಿಯ ಟಿ-ಕೋಶಗಳೆಂಬ ರೋಗನಿರೋಧಕ ಕೋಶಗಳಿಗೆ, ನಿಶ್ಶಕ್ತಗೊಳಿಸಿದ ವೈರಸ್ ಮೂಲಕ ಹೊಸ ವಂಶವಾಹಿ ಸೇರಿಸಿ ರಕ್ತಕ್ಯಾನ್ಸರಿನ ಮೇಲೆ ಬಿಡುವ ಕಾರ್-ಟಿ ಚಿಕಿತ್ಸೆಗೆ ಅಮೆರಿಕ ಒಪ್ಪಿಗೆ ಕೊಟ್ಟಿತು. ಈ ಚಿಕಿತ್ಸೆಯಿಂದಲೇ ವಿರಳವಾಗಿ ಟಿ-ಕೋಶದ ಕ್ಯಾನ್ಸರ್ ಬರಬಹುದೆಂಬ ಎಚ್ಚರಿಕೆಯನ್ನು ಔಷಧದ ಲೇಬಲ್‌ನಲ್ಲಿ ಮುದ್ರಿಸುವಂತೆ ಅಲ್ಲಿನ ನಿಯಂತ್ರಕರು 2024ರಲ್ಲಿ ಹೇಳಿದರು. ಭಾರತದಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರ ರೂಪಿಸಿದ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆಗೆ 2023ರಲ್ಲಿ ಮಾನ್ಯತೆ ಸಿಕ್ಕಿತು. 2025ರಲ್ಲಿ ಬೆಂಗಳೂರಿನ ಇಮ್ಯುನೀಲ್ ಕಂಪನಿ ತನ್ನ ಕಾರ್-ಟಿ ಚಿಕಿತ್ಸೆಯನ್ನು ಹೊರತಂದಿತು. ಇಲ್ಲಿ ವಾದ ಸುರಕ್ಷತೆಗಿಂತ ಬೆಲೆಯ ಮೇಲಿದೆ. ಅಮೆರಿಕದ ಮೊದಲ ಚಿಕಿತ್ಸೆಯ ಆರಂಭಿಕ ಬೆಲೆ 4,75,000 ಡಾಲರ್. ದೇಶೀ ಚಿಕಿತ್ಸೆ ಅದಕ್ಕಿಂತ ಬಹಳ ಅಗ್ಗ, ಆದರೂ ಲೆಕ್ಕ ಹತ್ತಾರು ಲಕ್ಷ ರೂಪಾಯಿಗಳಲ್ಲೇ.